ನೈವೇದ್ಯಕ್ಕೆ ಮೊದಲು ಕೊಟ್ಟ ಕಡುಬು

ಅನ್ವಿ, ಓಂಕಾರ,

ಇವತ್ತು ನಾಗರ ಪಂಚಮಿ. ಬೆಳಿಗ್ಗೆ ಅರಸಿನ ಎಲೆಯ ಕಡುಬು ಬೇಯುವಾಗ ನೀವಿಬ್ಬರೂ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಿರಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಆ ಎಲೆಯ ಘಮ ಮನೆಯೆಲ್ಲ ತುಂಬಿತು. ನಾನು ಮೊದಲ ಕಡುಬನ್ನು ಬಿಡಿಸಿ, ತುಪ್ಪ ಹಾಕಿ, ನಿಮ್ಮ ಆಯಿಯ ಕೈಗೆ, ನನ್ನ ಮಗಳ ಕೈಗೆ, ಕೊಟ್ಟೆ. ಓಂಕಾರ, ನೀನು ಸುಮ್ಮನಿರುವವನಲ್ಲ. "ಅಜ್ಜಿ, ದೇವಾಚ್ಯಾ ಆಧೀ ಆಯಿಲಾ ಕಾ ದಿಲಂಸ?" ಎಂದು ಜಗಳಕ್ಕೇ ಬಂದೆ. ದೇವರಿಗಿಂತ ಮೊದಲು ಆಯಿಗೆ ಯಾಕೆ ಎಂಬ ನಿನ್ನ ಪ್ರಶ್ನೆ ನ್ಯಾಯವಾದದ್ದೇ. ದೇವರ ಮುಂದೆ ಇಡುವವರೆಗೆ ಕಾಯಬೇಕು ಎಂದು ನಿನ್ನ ಕೈಗೆ ಎಷ್ಟು ಸಲ ಪೆಟ್ಟು ಕೊಟ್ಟಿದ್ದೇನೆ.

ಅಷ್ಟರಲ್ಲಿ ಶಾಲೆಯ ಬಸ್ ಬಂತು, ನೀವು ಹೋದಿರಿ. ನಿಮ್ಮ ಆಯಿಯೂ ಆಸ್ಪತ್ರೆಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ, ಹೊರಗೆ ಮಳೆ. ನನಗೆ ಮಾತಾಡಿ ಅಭ್ಯಾಸ ಇಲ್ಲ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು. ನಿಮ್ಮ ಅಜ್ಜ ಡೊಂಬಿವಲಿ ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಿದ್ದಾಗಲೂ ನಾನು ಒಳಗೆ ರುಬ್ಬುವ ಕಲ್ಲಿನ ಹತ್ತಿರ ಇರುತ್ತಿದ್ದೆನೇ ಹೊರತು ಗಲ್ಲಾದ ಹತ್ತಿರ ಬಂದವಳಲ್ಲ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅನ್ವಿ, ನಿನಗೆ ಕನ್ನಡ ಓದಲು ಬರುತ್ತದೆ, ತಮ್ಮನಿಗೆ ನೀನೇ ಓದಿ ಹೇಳು.

ಇದು ಮೂರು ವರ್ಷದ ಹಿಂದಿನ ಮಳೆಗಾಲದ ಮಾತು. ಓಂಕಾರ, ಆಗ ನೀನಿನ್ನೂ ಒಂದನೆಯ ತರಗತಿ.

ನಿಮ್ಮ ಆಯಿ, ಅಂದರೆ ನನ್ನ ಮಗಳು ಸುಧಾ, ಕ್ಯಾನ್ಸರ್ ಡಾಕ್ಟರು ಎಂದು ನಿಮಗೆ ಗೊತ್ತು. ಅವಳಿಗೇ ಕ್ಯಾನ್ಸರ್ ಎಂಬುದೂ ಗೊತ್ತು. ಅದು ನಮ್ಮ ಮನೆಗೆ ಹೇಗೆ ಬಂತು ಎಂಬುದು ಗೊತ್ತಿಲ್ಲ. ಆ ವರ್ಷ ಮಳೆ ಶುರುವಾದ ವಾರ ನಾನು ಅಡುಗೆಮನೆಯ ನೆಲದಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆ. ಸುಧಾ ಆಸ್ಪತ್ರೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ, ಮೂಲೆಯಲ್ಲಿದ್ದ ಮಣೆ ಎಳೆದುಕೊಂಡು ನನ್ನ ಮುಂದೆ ಕೂತಳು. ನೆಲದಲ್ಲಿ ಕೂರುವುದೆಂದರೆ ಅವಳಿಗೆ ಆಗದು, ಊಟಕ್ಕೂ ಮೇಜೇ ಬೇಕು. ಅವಳು ಕೂತದ್ದು ನೋಡಿಯೇ ನನ್ನ ಕೈ ನಿಂತಿತು.

ಯಾಕೆಂದರೆ ಅವಳು ಕೆಲಸ ಮಾಡುವ ರೀತಿ ನನಗೆ ಗೊತ್ತಿತ್ತು. ರೋಗಿಗೆ ದೊಡ್ಡ ಸುದ್ದಿ ಹೇಳುವಾಗ ಅವಳು ಮೇಜಿನ ಆಚೆ ಕೂರುವುದಿಲ್ಲ. ಅವಳ ಕೋಣೆಯಲ್ಲಿ ಒಂದು ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಉಂಟು. ಅದನ್ನು ಎಳೆದುಕೊಂಡು, ರೋಗಿಗಿಂತ ಸ್ವಲ್ಪ ಕೆಳಗೆ ಕೂತು, ಕೈ ಹಿಡಿದು ಹೇಳುತ್ತಾಳೆ. "ನಿಂತುಕೊಂಡು ಹೇಳಬಾರದು ಅಮ್ಮ, ನಿಂತವರು ಈಗಲೋ ಆಗಲೋ ಓಡಿಹೋಗುವವರ ಹಾಗೆ ಕಾಣ್ತಾರೆ" ಎಂದು ಎಷ್ಟೋ ಸಲ ಹೇಳಿದ್ದಳು.

"ಯಾರಿಗೆ?" ಎಂದು ಕೇಳಿದೆ.

"ನನಗೇ. ಎದೆಯಲ್ಲಿ ಶುರುವಾದದ್ದು. ಬೆನ್ನಿನ ಮೂಳೆಗೂ ಬಂದುಂಟು. ಬೆನ್ನು ನೋವು ಅಂತಿದ್ದೆನಲ್ಲ, ಅದು ಇದೇ."

"ಗುಣ ಆಗ್ತದಲ್ಲ ಮಗಾ?"

ಅವಳು ನನ್ನ ಕೈ ಬಿಡಲಿಲ್ಲ. "ಗುಣ ಆಗುವುದಿಲ್ಲ ಅಮ್ಮ. ತಡೆದು ಇಡಬಹುದು. ಎಷ್ಟು ದಿನ ಅಂತ ಕೇಳಬೇಡ, ನನಗೂ ಗೊತ್ತಿಲ್ಲ."

ನಾನು ಅಳಲಿಲ್ಲ. ಏನು ಮಾಡಬೇಕೆಂದು ಗೊತ್ತಾಗದೆ ಹಲಸಿನ ಬೀಜ ಸುಲಿಯುತ್ತಲೇ ಇದ್ದೆ. ಅವಳೂ ಸ್ವಲ್ಪ ಹೊತ್ತು ನನ್ನ ಜೊತೆ ಸುಲಿದಳು.

ಔಷಧ ಶುರುವಾದ ಮೇಲೂ ಅವಳು ಕೆಲಸ ಬಿಡಲಿಲ್ಲ. ನಿಮ್ಮ ಬಾಬಾ ಮಿಲಿಂದ ಬೇಡ ಬೇಡ ಎಂದ. ಅವನ ಬ್ಯಾಂಕು ಠಾಣೆಯ ವರ್ತಕ ನಗರದಲ್ಲಿ, ಬೆಳಿಗ್ಗೆ ಬೇಗ ಹೋಗಬೇಕು. ಹಾಗಾಗಿ ಸುಧಾಳ ಜೊತೆ ನಾನು ಹೋಗುವುದು ಎಂದಾಯಿತು. ಅಳಿಯ, ಮಗಳು ಇಬ್ಬರೂ ನಕ್ಕರು. ನಾನು ಡೊಂಬಿವಲಿಯ ಮಾರ್ಕೆಟ್ ದಾಟಿ ಒಬ್ಬಳೇ ಹೋದವಳಲ್ಲ. ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲು, ಅಲ್ಲಿ ಗಾಡಿ ಬದಲಿಸಿ ಅವಳ ಆಸ್ಪತ್ರೆಯಿರುವ ತುರ್ಭೆ. ಹೆಂಗಸರ ಡಬ್ಬಿಯಲ್ಲಿ ನಾನು ಅವಳ ಬೆನ್ನಿಗೆ ಅಡ್ಡವಾಗಿ ನಿಲ್ಲುತ್ತಿದ್ದೆ, ಯಾರೂ ತಾಗದ ಹಾಗೆ. ಆಸ್ಪತ್ರೆಯಲ್ಲಿ ಅವಳ ಕೋಣೆಯ ಹೊರಗಿನ ಬೆಂಚಿನಲ್ಲಿ ಗಂಜಿಯ ಫ್ಲಾಸ್ಕ್ ಹಿಡಿದು ಕೂರುತ್ತಿದ್ದೆ. ಬೆಳಿಗ್ಗೆಯೆಲ್ಲ ಅವಳು ರೋಗಿಗಳನ್ನು ನೋಡುತ್ತಿದ್ದಳು. ಮಧ್ಯಾಹ್ನ ಕೋಟು ಕಳಚಿಟ್ಟು, ಕೆಳಗಿನ ಮಾಳಿಗೆಯಲ್ಲಿ ತಾನೇ ರೋಗಿಯಾಗಿ ಸೂಜಿ ಹಾಕಿಸಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಅವಳು ಯಾರಿಗೆ ಔಷಧ ಬರೆದಿದ್ದಳೋ ಅವರೇ ಪಕ್ಕದ ಹಾಸಿಗೆಯಲ್ಲಿ ಇರುತ್ತಿದ್ದರು. ಕೆಲವರು ಅವಳನ್ನು ನೋಡಿ ಧೈರ್ಯ ತಂದುಕೊಂಡರು. ಕೆಲವರು ಹೆದರಿ ಬೇರೆ ಡಾಕ್ಟರ ಹತ್ತಿರ ಹೋದರು. ತನ್ನನ್ನೇ ಉಳಿಸಿಕೊಳ್ಳಲಾಗದವಳು ನಮ್ಮನ್ನೇನು ಉಳಿಸುತ್ತಾಳೆ ಎಂದು ಒಬ್ಬ ಹೆಂಗಸು ಹಿಂದಿಯಲ್ಲಿ ಹೇಳಿದ್ದು ನನ್ನ ಕಿವಿಗೇ ಬಿತ್ತು. ನಾನದನ್ನು ಸುಧಾಳಿಗೆ ಹೇಳಲಿಲ್ಲ.

ಅಲ್ಲಿಗೆ ಕಲಬುರಗಿ ಕಡೆಯ ಶರಣಮ್ಮ ಎಂಬುವಳು ಬರುತ್ತಿದ್ದಳು. ತುರ್ಭೆಯ ದೊಡ್ಡ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಮಗ ಮಲ್ಲಪ್ಪ ಅಲ್ಲೇ ಮೂಟೆ ಹೊರುವವನು. ನಾನು ಒಂದು ದಿನ ಗಂಜಿ ಕೊಡಲು ಒಳಗೆ ಹೋದಾಗ ಮಲ್ಲಪ್ಪ ಒಬ್ಬನೇ ಸುಧಾಳ ಮುಂದೆ ಕೈ ಮುಗಿದು ನಿಂತಿದ್ದ. ಅವ್ವನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಬಂದಿದ್ದ.

"ಡಾಕ್ಟರಮ್ಮಾರ, ಅವ್ವಗ ಹೊಟ್ಟ್ಯಾಗ ಹುಣ್ಣ ಆಗ್ಯಾದ ಅಂತ ಹೇಳ್ರಿ. ಆ ಹೆಸರು ಮಾತ್ರ ತಗೀಬ್ಯಾಡ್ರಿ. ಕೇಳಿದ್ರ ಎದಿ ಒಡಕೊಂಡ ಸಾಯ್ತಾಳ್ರಿ."

ಇಂಥವರು ದಿನಕ್ಕೊಬ್ಬರಾದರೂ ಬರುತ್ತಾರೆ. ನಮ್ಮ ಉಡುಪಿ ಕಡೆಯವರೂ ಹಾಗೇ, ಮರಾಠಿಯವರೂ ಹಾಗೇ. ರೋಗಿಯನ್ನು ಹೊರಗೆ ಕೂರಿಸಿ ಮನೆಯವರು ಮೊದಲು ಒಳಗೆ ಬರುತ್ತಾರೆ. ಸುಧಾ ಒಬ್ಬರ ಮಾತನ್ನೂ ಕೇಳಿದವಳಲ್ಲ.

"ನೋವು ಯಾರಿಗೆ ಮಲ್ಲಪ್ಪಾ, ನಿನಗಾ?"

"ಅಲ್ರಿ, ಅಕಿಗೇ..."

"ಹೊಟ್ಟೆ ಅವಳದ್ದು. ಅಂದ ಮೇಲೆ ಗೊತ್ತಾಗಬೇಕಾದ್ದೂ ಅವಳಿಗೆ. ಕರಿ."

ಶರಣಮ್ಮ ಬಂದಳು. ಸುಧಾ ಸ್ಟೂಲ್ ಎಳೆದುಕೊಂಡು ಕೂತಳು, ಕೈ ಹಿಡಿದಳು, ಹೇಳಿದಳು. ಶರಣಮ್ಮ, "ನಮ್ಮ ಓಣ್ಯಾಗ ಒಬ್ಬಾಕಿ ಸತ್ಲಲ್ರಿ, ಅದೇ ಬ್ಯಾನಿ ಏನ್ರಿ?" ಎಂದು ಕೇಳಿದಳು. "ಹೌದು ಶರಣಮ್ಮ. ಆದರೆ ಔಷಧ ಉಂಟು, ತಗೊಳ್ಳುವ" ಎಂದಳು ಸುಧಾ. ಶರಣಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಾಗೇ ಎದ್ದು ಹೋದಳು.

ಮುಂದಿನ ಸಲ ಅವಳು ಬರಲಿಲ್ಲ. ಮಲ್ಲಪ್ಪ ಒಬ್ಬನೇ ಬಂದು ಬಾಗಿಲಲ್ಲೇ ನಿಂತು ಕೂಗಾಡಿದ. "ನಿಮಗೀಗ ಸಮಾಧಾನ ಆತೇನ್ರಿ? ಊರಿಗಿ ಹೋಗಿ ಕುಂತಾಳ. ಔಷಧಾ ಬ್ಯಾಡ, ಏನೂ ಬ್ಯಾಡ ಅಂತಾಳ. ನಾ ಕೈ ಮುಗದು ಹೇಳಿದ್ದಿಲ್ಲೇನ್ರಿ?" ಕಾರಿಡಾರಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಸುಧಾ ಅವನಿಗೆ ಎದುರು ಹೇಳಲಿಲ್ಲ. ಅವನು ಅಳುವವರೆಗೂ ಕಾದು, ನೀರು ಕೊಟ್ಟು ಕಳಿಸಿದಳು.

ಆ ದಿನ ಹಿಂದೆ ಬರುವಾಗ ನಮಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತ್ತು. ಘನ್ಸೋಲಿ, ರಬಾಳೆಯ ಕಾರ್ಖಾನೆಗಳ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. "ಅಮ್ಮ, ಅವಳಿಗೆ ಹೇಳಬಾರದಿತ್ತಾ?" ಎಂದಳು.

"ನನಗೆಂತ ಗೊತ್ತು ಮಗಾ" ಎಂದೆ.

"ನಿನಗೆ ನಾನು ಹೇಳಿದೆನಲ್ಲ. ಹೇಳಬಾರದಿತ್ತಾ?"

ಅವಳ ಮೇಲೆ ಮಳೆ ಎರಚುತ್ತಿತ್ತು, ನಾನು ಕಿಟಕಿ ಮುಚ್ಚಿದೆ.

ಶ್ರಾವಣ ಕಳೆದು ಗಣಪತಿ ಹತ್ತಿರ ಬಂತು. ನಿಮ್ಮ ಬಾಬಾನ ಮನೆತನದ ಒಂದೂವರೆ ದಿನದ ಗಣಪತಿ ಆ ವರ್ಷ ನಮ್ಮ ಮನೆಯಲ್ಲೇ ಕೂರುವುದಿತ್ತು. ನೀವಿಬ್ಬರೂ ಬಾಬಾನ ಜೊತೆ ರಟ್ಟು ಕತ್ತರಿಸಿ ಗಣಪತಿ ಕೂರುವ ಮಂಟಪ, ಮಖರ ಮಾಡುತ್ತಿದ್ದಿರಿ, ಮನೆಯೆಲ್ಲ ಅಂಟು, ಚೂರು. ಔಷಧ ಹಿಡಿದಿದೆಯೋ ಇಲ್ಲವೋ ನೋಡಲು ಸುಧಾಳಿಗೆ ಅದೇ ವಾರ ಸ್ಕ್ಯಾನ್ ಮಾಡಿದರು. ರಿಪೋರ್ಟು ಬರುವುದು ಹಬ್ಬದ ಹಿಂದಿನ ದಿನ.

ಆಗ ಅವಳು ನನ್ನ ಹತ್ತಿರ ಬಂದು ಹೇಳಿದ ಮಾತು ನಾನು ಎಂದೂ ಎಣಿಸಿರಲಿಲ್ಲ.

"ಅಮ್ಮ, ರಿಪೋರ್ಟ್ ನಾನು ನೋಡುವುದಿಲ್ಲ. ನೀನು ಹೋಗಿ ಕೇಳಿಕೊಂಡು ಬಾ. ಗಣಪತಿ ಹೋಗುವವರೆಗೆ ನನಗೆ ಹೇಳಬೇಡ."

"ನೀನೇ ಹೀಗೆ ಹೇಳ್ತೀಯಾ?"

"ನಾನೇ. ಎಷ್ಟು ಜನಕ್ಕೆ ಹೇಳಿದ್ದೇನೆ. ಹೇಳಿದ ಮೇಲೆ ಅವರು ಮನೆಗೆ ಹೋಗಿ ಊಟಕ್ಕೆ ಹೇಗೆ ಕೂರ್ತಾರೆ ಅಂತ ಒಂದು ದಿನವೂ ಯೋಚಿಸಲಿಲ್ಲ. ನನಗೆ ಒಂದೂವರೆ ದಿನ ಬೇಕು ಅಮ್ಮ. ಮಕ್ಕಳ ಜೊತೆ ಆರತಿ ಹಾಡಬೇಕು, ಅಷ್ಟೇ."

"ಮಿಲಿಂದ ಹೋಗಿ ಕೇಳಲಿ. ನನಗೆ ಡಾಕ್ಟರ ಹತ್ತಿರ ಮಾತಾಡಲು ಬರುವುದಿಲ್ಲ."

"ಅವನ ಮುಖ ಸ್ಟೇಷನ್ನಿನಲ್ಲಿ ಗಾಡಿ ತೋರಿಸುವ ಇಂಡಿಕೇಟರ್ ಇದ್ದ ಹಾಗೆ, ದೂರದಿಂದಲೇ ಓದಬಹುದು. ನಿನ್ನದು ಕೆಟ್ಟು ನಿಂತ ಇಂಡಿಕೇಟರ್. ನಾನು ಹುಟ್ಟಿದಾಗಿನಿಂದ ಒಂದೇ ತೋರಿಸ್ತಾ ಉಂಟು" ಎಂದು ನಕ್ಕಳು. ನನಗೂ ನಗು ಬಂತು. ಒಪ್ಪಿಕೊಂಡೆ.

ಹಾಗೆ ನಾನು ಜೀವನದಲ್ಲಿ ಮೊದಲ ಸಲ ಒಬ್ಬಳೇ ತುರ್ಭೆಗೆ ಹೋದೆ. ಸುಧಾಳ ಜೊತೆ ಕೆಲಸ ಮಾಡುವ ಡಾಕ್ಟರು, ಅವಳಿಗಿಂತ ಚಿಕ್ಕವರು, ನನಗೆ ಕುರ್ಚಿ ಕೊಟ್ಟರು. ತಾವು ಮಾತ್ರ ಕಂಪ್ಯೂಟರಿನ ಹತ್ತಿರ ನಿಂತೇ ಇದ್ದರು. "ಮಾಜೀ..." ಎಂದು ಶುರು ಮಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ನನಗೆ ಎಲ್ಲಿಂದ ಧೈರ್ಯ ಬಂತೋ, "ಬೈಠೋ ಬೇಟಾ" ಎಂದೆ. ಅವರು ಕೂತರು. ಕೂತ ಮೇಲೆ ಹೇಳಿದರು. ಔಷಧ ಹಿಡಿಯಲಿಲ್ಲ, ಲಿವರಿಗೆ ಹೋಗಿದೆ. ಬೇರೆ ಔಷಧ ಕೊಟ್ಟು ನೋಡಬೇಕು.

ಲಿವರ್ ಎಂದರೆ ನನಗೆ ತಿಳಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಅಜ್ಜ ಹೋದದ್ದು ಅದರಿಂದಲೇ. ಅವರ ಕಣ್ಣು, ಉಗುರು ಹಳದಿಯಾದದ್ದನ್ನು ನಾನು ನೋಡಿದ್ದೆ.

ಹಿಂದೆ ಬರುವ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂವಿನ ಹಾರ, ಗರಿಕೆ, ಬಟ್ಟೆ ಮುಚ್ಚಿದ ಸಣ್ಣ ಸಣ್ಣ ಗಣಪತಿಗಳು. ಹೆಂಗಸರು ಚಪ್ಪಾಳೆ ತಟ್ಟಿ ಆರತಿ ಹಾಡುತ್ತಿದ್ದರು. ಗುರುತೇ ಇಲ್ಲದ ಒಬ್ಬಳು "ಘ್ಯಾ ಆಜಿ" ಎಂದು ನನ್ನ ಬಾಯಿಗೇ ಪೇಡೆ ಇಟ್ಟಳು. ನಾನು ಅದನ್ನು ನುಂಗಲಾರದೆ ಠಾಣೆಯವರೆಗೂ ಬಾಯಲ್ಲೇ ಇಟ್ಟುಕೊಂಡಿದ್ದೆ. ಡೊಂಬಿವಲಿಯಲ್ಲಿ ಇಳಿದು, ಸ್ಟೇಷನ್ನಿನ ಹೊರಗೆ ಅರಸಿನ ಎಲೆ ಮಾರುವವಳ ಹತ್ತಿರ ಬಹಳ ಹೊತ್ತು ನಿಂತು ಎಲೆ ಆರಿಸಿದೆ. ಎಲೆಗಳೆಲ್ಲ ಚೆನ್ನಾಗಿಯೇ ಇದ್ದವು.

ಸುಧಾ ಬಾಗಿಲು ತೆರೆದಳು. "ಮಳೆ ಸಿಕ್ಕಿತಾ?" ಎಂದಷ್ಟೇ ಕೇಳಿದಳು.

"ಸ್ವಲ್ಪ" ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ನನ್ನ ಮುಖ ಯಾವಾಗಲೂ ಇದ್ದ ಹಾಗೇ ಇತ್ತು ಎಂದು ನಾನು ತಿಳಿದುಕೊಂಡೆ. ರಾತ್ರಿಯೂ ಕಳೆಯಿತು.

ಚತುರ್ಥಿಯ ಬೆಳಿಗ್ಗೆ ಪೂಜೆಗೆ ಬರಬೇಕಾದ ಗುರೂಜಿ ಮನೆಯಿಂದ ಮನೆಗೆ ಹೋಗಿ ಬರುವಾಗ ತಡ ಮಾಡಿದರು. ಹಬ್ಬದ ದಿನ ಅವರು ಹೇಳಿದ ಹೊತ್ತಿಗೆ ಬಂದದ್ದು ನಾನು ಕಂಡಿಲ್ಲ. ಕಡುಬು ಬೆಂದಿತ್ತು. ಮಖರದ ಮುಂದೆ ನೀವಿಬ್ಬರೂ ಬಾಬಾನೂ ಸೇರಿ ಗಲಾಟೆ ಮಾಡುತ್ತಿದ್ದಿರಿ. ಸುಧಾ ಹೊಸ ಸೀರೆ ಉಟ್ಟು, ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನಾನು ಪಾತ್ರೆಯ ಮುಚ್ಚಳ ತೆಗೆದೆ. ಒಂದು ಎಲೆ ಬಿಡಿಸಿದೆ, ತಟ್ಟೆಗೆ ಹಾಕಿದೆ, ತುಪ್ಪ ಹಾಕಿದೆ, "ತಿನ್ನು ಮಗಾ" ಎಂದು ಅವಳ ಕೈಗೆ ಕೊಟ್ಟೆ.

ಅವಳು ತಟ್ಟೆ ನೋಡಿದಳು.

ನನ್ನ ಮನೆಯಲ್ಲಿ ನೈವೇದ್ಯಕ್ಕೆ ಮೊದಲು ಒಂದು ಚೂರು ಬೆಲ್ಲವನ್ನೂ ಯಾರಿಗೂ ಕೊಟ್ಟದ್ದಿಲ್ಲ. ಸುಧಾ ಚಿಕ್ಕವಳಿದ್ದಾಗ ಜ್ವರದಲ್ಲಿ ಬಾಯಿ ಕಹಿಯಾಗಿ ಪಾಯಸ ಬೇಕೆಂದು ಅತ್ತಿದ್ದಳು, ಆಗಲೂ ಪೂಜೆ ಮುಗಿಯಲಿ ಎಂದು ಕಾಯಿಸಿದವಳು ನಾನು. ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದ ನನ್ನ ಅತ್ತೆಯೂ ನನ್ನ ಮಡಿಯಲ್ಲಿ ತಪ್ಪು ಹುಡುಕಿದವರಲ್ಲ.

"ಅಮ್ಮ, ಇನ್ನೂ ಪೂಜೆ ಆಗಲಿಲ್ಲ" ಎಂದಳು.

ಆಗ ನನಗೆ ಗೊತ್ತಾಯಿತು. ಮುಖ ಕಾಯುತ್ತಾ ಇದ್ದೆ, ಕೈಯನ್ನು ಕಾಯಲಿಲ್ಲ. ತಟ್ಟೆ ಹಿಂದೆ ತೆಗೆದುಕೊಳ್ಳೋಣ ಎಂದರೆ ಕೈ ಏಳಲಿಲ್ಲ.

"ಎಲ್ಲಿಗೆ?" ಎಂದು ಮೆಲ್ಲಗೆ ಕೇಳಿದಳು.

"ಲಿವರಿಗೆ."

ಹೊರಗೆ ಓಂಕಾರ, ನೀನು "ಗಣಪತಿ ಬಪ್ಪಾ" ಎಂದು ಕೂಗಿದೆ, ಅನ್ವಿ, ನೀನು "ಮೋರ್ಯಾ" ಎಂದೆ. ಸುಧಾ ಕಡುಬು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. "ತುಪ್ಪ ಕಡಿಮೆ ಆಯ್ತು ಅಮ್ಮ" ಎಂದಳು. ನಾನು ಮತ್ತೆ ಹಾಕಿದೆ. ತಟ್ಟೆ ಖಾಲಿ ಮಾಡಿ, ತೊಳೆದಿಟ್ಟು, ಬಾಯಿ ಮುಕ್ಕಳಿಸಿ ಹೊರಗೆ ಹೋದಳು.

ಆ ವರ್ಷ ಆಯಿ ಎಷ್ಟು ಜೋರಾಗಿ ಆರತಿ ಹಾಡಿದಳು ಎಂದು ನೀವು ಈಗಲೂ ಹೇಳುತ್ತೀರಿ. ಮರುದಿನ ಸಂಜೆ ವಿಸರ್ಜನೆಗೆ ಹೋದಾಗ ನಿಮ್ಮ ಜೊತೆ ಕೊಳದವರೆಗೂ ನಡೆದಳು, ಬೆನ್ನು ನೋವಿದ್ದರೂ. ಗಣಪತಿ ಕೂತಿದ್ದ ಖಾಲಿ ಮಣೆಯ ಮೇಲೆ ಪದ್ಧತಿಯಂತೆ ಕೊಳದ ಒಂದು ಹಿಡಿ ಮಣ್ಣು ಹಾಕಿಕೊಂಡು ಮನೆಗೆ ಬಂದ ಮೇಲೆ, ಮಿಲಿಂದನನ್ನು ಸೋಫಾದಲ್ಲಿ ಕೂರಿಸಿ, ತಾನು ನೆಲದಲ್ಲಿ ಕೂತು, ಕೈ ಹಿಡಿದು ಹೇಳಿದಳು. ಅವನು ಅತ್ತ. ನಾನು ನಿಮ್ಮನ್ನು ಕೆಳಗಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಬೇರೆ ಮನೆಯವರ ಗಣಪತಿ ನೋಡೋಣ ಎಂದೆ, ನೆನಪಿದೆಯಾ?

ಹಬ್ಬ ಕಳೆದ ಮೇಲೆ ಶರಣಮ್ಮ ಬಂದಳು. ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ಅರ್ಧದಷ್ಟು ಆಗಿದ್ದಳು.

"ಅಮ್ಮಾರ, ಡಾಕ್ಟರಮ್ಮಗೂ ಇದೇ ಬ್ಯಾನಿ ಅಂತಲ್ರಿ, ಖರೇನ್ರಿ?"

ನಮ್ಮ ಬಿಲ್ಡಿಂಗಿನವರು ಕೇಳಿದಾಗಲೆಲ್ಲ ನಾನು ಬೆನ್ನು ನೋವು ಎನ್ನುತ್ತಿದ್ದೆ. ಅವಳಿಗೆ ಹಾಗೆ ಹೇಳಲು ಆಗಲಿಲ್ಲ. "ಹೌದು. ಅವಳು ನನ್ನ ಮಗಳು" ಎಂದೆ.

"ನನಗ ಹೇಳಮುಂದ ಅಕಿಗಿ ತನ್ನ ಬ್ಯಾನಿ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಶರಣಮ್ಮ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಅದಕ್ಕ ಅಕಿ ಕೈ ಅಷ್ಟು ತಣ್ಣಗಿತ್ತು" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು, "ಊರಾಗ ಮಗಳ ಮನ್ಯಾಗ ಇದ್ದು ಬಂದೀನ್ರಿ. ಅಕಿ ಜೋಡಿ ಮಾತ ಬಿಟ್ಟಿದ್ದೆ, ಭಾಳ ವರ್ಷ ಆಗಿತ್ತು. ಗೊತ್ತಾಗದಿದ್ರ ನಾ ಏನು ಹೋಗತಿದ್ದಿಲ್ಲ ಬಿಡ್ರಿ."

ಅವಳು ಹೋಗಿ ಬಂದ ದಿನಗಳಲ್ಲಿ ಔಷಧ ತಪ್ಪಿತ್ತು. ತಪ್ಪದಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳೋ ಏನೋ, ಸುಧಾ ಅದನ್ನು ಹೇಳಲಿಲ್ಲ. ದೀಪಾವಳಿಗೆ ಮೊದಲೇ ಶರಣಮ್ಮ ತೀರಿಕೊಂಡಳು. ಮಲ್ಲಪ್ಪ ಸುದ್ದಿ ಹೇಳಲು ಬಂದಾಗ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಕೂತ.

ಆಮೇಲೆ ಸುಧಾ ಒಂದು ವಿಷಯ ಬದಲಾಯಿಸಿದಳು. ಈಗಲೂ ರೋಗಿಗೇ ಹೇಳುತ್ತಾಳೆ, ಸ್ಟೂಲಿನಲ್ಲೇ ಕೂರುತ್ತಾಳೆ. ಆದರೆ ಮೊದಲು, "ನಿಮಗೆ ಯಾವಾಗ ಕೇಳಬೇಕು? ಯಾರ ಬಾಯಿಂದ ಕೇಳಬೇಕು?" ಎಂದು ಕೇಳುತ್ತಾಳೆ. ಹಬ್ಬ ಮುಗಿಯಲಿ ಎಂದವರಿಗೆ ಹಬ್ಬ ಮುಗಿಯುವವರೆಗೆ ಕಾಯುತ್ತಾಳೆ.

ಹೊಸ ಔಷಧ ಹಿಡಿಯಿತು. ಕೂದಲು ಬಂತು. ಮೂರು ಮಳೆಗಾಲ ನಮಗೆ ಸಿಕ್ಕಿತು. ಪ್ರತಿ ಸಲ ಸ್ಕ್ಯಾನ್ ಆದಾಗಲೂ ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ. ಬಂದು ಬಾಯಿಂದ ಏನೂ ಹೇಳುವುದಿಲ್ಲ. ಅವಳೂ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಒಲೆಯ ಮೇಲೆ ಏನಿದ್ದರೂ ಸರಿ, ಅದನ್ನು ಮೊದಲು ದೇವರ ಮುಂದೆ ಇಡುತ್ತೇನೆ. ಅವಳು ಬಾಗಿಲಿಗೆ ಒರಗಿ ನಿಂತು ನೋಡುತ್ತಾಳೆ. ತಟ್ಟೆ ದೇವರ ಕಡೆ ಹೋಯಿತೆಂದರೆ, "ನನಗೆ ಹಸಿವಾಗ್ತದೆ, ಬೇಗ ಮಂಗಳಾರತಿ ಮಾಡು ಮಾರಾಯ್ತಿ" ಎಂದು ಗಲಾಟೆ ಮಾಡುತ್ತಾಳೆ. ಆ ಗಲಾಟೆ ಕೇಳಲು ನಾನು ಕಾದಿರುತ್ತೇನೆ.

ನಿನ್ನೆ ನಾನು ತುರ್ಭೆಗೆ ಹೋಗಿ ಬಂದೆ. ಅದೇ ಡಾಕ್ಟರು. ನಾನು ಹೇಳದೆಯೇ ಕೂತರು.

ಓಂಕಾರ, ದೇವರಿಗಿಂತ ಮೊದಲು ಆಯಿಗೆ ಯಾಕೆ ಎಂದರೆ ಇದಕ್ಕೆ. ಅವಳು ತಟ್ಟೆ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ. "ಬಿಸಿ ಉಂಟು" ಎಂದು ಊದಿ ಊದಿ ತಿಂದಳು. ನಿನಗೂ ಒಂದು ಚೂರು ಮುರಿದು ಕೊಟ್ಟಳು. ನೀವು ಬಸ್ ಹತ್ತಿದ ಮೇಲೆ ತಟ್ಟೆ ತೊಳೆಯುತ್ತಾ, "ಮಕ್ಕಳಿಗೆ ಸಂಜೆ ನಾನೇ ಹೇಳ್ತೇನೆ. ಅನ್ವಿಗೆ ಪರೀಕ್ಷೆ ಏನೂ ಇಲ್ಲವಲ್ಲ ಈ ವಾರ?" ಎಂದಳು. ಇಲ್ಲ ಎಂದೆ. ಬ್ಯಾಗು ಹಾಕಿಕೊಂಡು ರೋಗಿಗಳನ್ನು ನೋಡಲು ಹೋದಳು.

ಹಾಗಾಗಿ ಈ ಹಾಳೆಗಳನ್ನು ನಾನು ಇವತ್ತು ನಿಮಗೆ ಕೊಡುವುದಿಲ್ಲ. ಅವಳ ಬಾಯಿಂದಲೇ ಕೇಳಿ. ಸಂಜೆ ಅವಳು ಅಡುಗೆಮನೆಯ ಮಣೆ ಎಳೆದುಕೊಂಡು ನಿಮ್ಮಿಬ್ಬರ ಮುಂದೆ ಕೂರುತ್ತಾಳೆ, ನಿಮಗಿಂತ ಸ್ವಲ್ಪ ಕೆಳಗೆ. ಅವಳ ಕೈ ತಣ್ಣಗಿರುತ್ತದೆ. ಬಿಡಿಸಿಕೊಳ್ಳಬೇಡಿ, ಎದ್ದು ಹೋಗಬೇಡಿ. ನಾನು ಅಡುಗೆಮನೆಯಲ್ಲೇ ಇರುತ್ತೇನೆ.

ಇವನ್ನು ಓದುವ ಹೊತ್ತಿಗೆ ನೀವು ದೊಡ್ಡವರಾಗಿರುತ್ತೀರಿ. ಮಳೆಗಾಲದಲ್ಲಿ ನಮ್ಮ ಕಪಾಟಿಗೆ ಬೂಷ್ಟು ಬರುತ್ತದೆ, ಅದಕ್ಕೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಿಮ್ಮ ಆಯಿಯ ಹಬ್ಬದ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಎಲ್ಲಿಗೆ ಹೋದರೂ ಆ ಸೀರೆ ಬಿಟ್ಟು ಹೋಗಬೇಡಿ, ಇವನ್ನೂ ಬಿಟ್ಟು ಹೋಗಬೇಡಿ.